ಎಣ್ಣೆ ಎತ್ತಿದ ಭಾರ

ಮೇಸ್ತ್ರಿಯವರು ನಮ್ಮಲ್ಲಿ ಊಟಕ್ಕೆ ಕೂತರೆ ಮೊದಲು ಬಲಗೈ ಮೂಸಿ ನೋಡುತ್ತಿದ್ದರು. ಬೂದಿ ಹಾಕಿ ಉಜ್ಜಿದರೂ, ಸೀಗೇಪುಡಿ ಹಾಕಿ ತೊಳೆದರೂ ಗ್ರೀಸಿನ ವಾಸನೆ ಹೋಗುತ್ತಿರಲಿಲ್ಲ. "ಇರ್ಲಿ ಬಿಡವ್ವ, ಇದೂ ಒಂದು ಒಗ್ಗರಣೆ" ಅಂತ ಮುದ್ದೆ ಮುರಿಯುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಹಿರಿಯೂರಿನ ಹೈವೇ ಬದಿಯ ಅವರ ಲಾರಿ ಗ್ಯಾರೇಜಿನಲ್ಲಿ ನಮ್ಮನೆಯವರು ಫಿಟ್ಟರ್. ಆಗ ಎಂಜಿನ್ ಇಳಿಸಬೇಕಾದರೆ ಸರಪಳಿ ಕಟ್ಟಿ, ಬೊಂಬು ತೂರಿಸಿ ನಾಲ್ಕು ಜನ ಹೊರಬೇಕು. ಹಾಗೆ ಹೊರುವಾಗಲೇ ಇವರ ಸೊಂಟ ಹಿಡಿದದ್ದು. ಇನ್ನು ಭಾರ ಎತ್ತಕೂಡದು ಅಂದರು ಡಾಕ್ಟರು. ಭಾರ ಎತ್ತದ ಫಿಟ್ಟರನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾನು ದೇವರಿಗೆ ದೀಪ ಹಚ್ಚಿದೆ.

ಮೇಸ್ತ್ರಿಯವರು ಮನೆಗೆ ಬಂದು, ಇವರು ಮಲಗಿದ್ದ ಚಾಪೆ ಪಕ್ಕ ಕೂತು, ನನ್ನ ಒಲೆಯ ಇದ್ದಿಲು ಇಸ್ಕೊಂಡು ನೆಲದ ಮೇಲೆ ಗೀಚಿದರು. ಒಂದು ಕಂಬ, ಒಂದು ತೋಳು, ಕೆಳಗೆ ಚಕ್ರ. "ಭಾರ ನೀನ್ಯಾಕಲೇ ಎತ್ತಬೇಕು? ಎಣ್ಣೆ ಎತ್ತಲಿ."

ಟ್ರೈಲರ್ ಎತ್ತುವ ಹಳೇ ಎಣ್ಣೆ ಜಾಕು, ಗುಜರಿ ಕಬ್ಬಿಣ ಸೇರಿಸಿ ಎರಡು ತಿಂಗಳು ವೆಲ್ಡಿಂಗ್ ಮಾಡಿಸಿದರು. ಮೊದಲ ಸಲ ಭಾರ ಹಾಕಿದಾಗ ಮುಂದಕ್ಕೆ ಮುಗ್ಗರಿಸಿತು. ಚಕ್ರದ ಕಾಲು ಮುಂದಕ್ಕೆ ಉದ್ದ ಮಾಡಿದರು. ಆಮೇಲೆ ಹಿಡಿ ಒತ್ತಿದರೆ ಸಾಕು, ಜಾಕಿನೊಳಗಿನ ಎಣ್ಣೆಯೇ ಎಂಜಿನ್ ಎತ್ತುತ್ತಿತ್ತು. ಬೇಕಾದ ಕಡೆ ತಳ್ಳಿಕೊಂಡು ಹೋಗಬಹುದಿತ್ತು. ನಮ್ಮನೆಯವರು ಮತ್ತೆ ಕೆಲಸಕ್ಕೆ ಹೋದರು.

ಆಯುಧಪೂಜೆಗೆ ನಾನೇ ಹೋಗಿ, ಜಾಕಿನಿಂದ ಮೇಲೇಳುವ ಹೊಳೆಯುವ ಕಡ್ಡಿಗೆ ವಿಭೂತಿ ಬಳಿದು, ದಂಡಿಯಾಗಿ ಕುಂಕುಮ ಇಟ್ಟು ಬಂದೆ. ಹದಿನೈದು ದಿನಕ್ಕೆ, ಎತ್ತಿದ್ದ ಎಂಜಿನ್ ತಾನಾಗಿ ಇಳಿಯತೊಡಗಿತಂತೆ. ಇವರ ಕೈ ಅದರ ಕೆಳಗಿತ್ತು. ದೇವರು ಮೇಸ್ತ್ರಿಯವರನ್ನು ಪಕ್ಕದಲ್ಲೇ ನಿಲ್ಲಿಸಿದ್ದ. ರಟ್ಟೆ ಹಿಡಿದು ಎಳೆದುಬಿಟ್ಟರು. ಬಿಚ್ಚಿ ನೋಡಿದರೆ ಎಣ್ಣೆ ತಡೆಯುವ ವಾಷರ್ ಹರಿದು, ಒಳಗೆಲ್ಲ ಕಡ್ಡಿಯ ಜೊತೆ ಇಳಿದಿದ್ದ ನನ್ನ ಕುಂಕುಮ.

ನನ್ನನ್ನು ಕರೆಸಿದರು. "ಅಕ್ಕಾರು ಜಾಕಿಗೆ ಮಡಿಲು ತುಂಬ್ಯಾರೆ" ಅಂತ ವೆಲ್ಡರ್ ಕಿಸಕ್ಕೆಂದ. "ಇದನ್ನ ಗುಜರಿಗೆ ಹಾಕ್ರಿ, ಬೊಂಬೇ ವಾಸಿ" ಅಂದ ಇನ್ನೊಬ್ಬ. ಅದು ಗುಜರಿಗೆ ಹೋದರೆ ಇವರು ಮತ್ತೆ ಚಾಪೆಗೆ.

ಮೇಸ್ತ್ರಿಯವರು ಬೈಯಲಿಲ್ಲ. "ಪೂಜೆ ತಪ್ಪಲ್ಲ ಕಣವ್ವ, ಇಟ್ಟ ಜಾಗ ತಪ್ಪು. ಈ ಕಡ್ಡಿ ಅದರ ಗಂಟಲು. ಹಣೆ ಇಲ್ಲೈತೆ ನೋಡು" ಅಂತ ಕಂಬದ ನೆತ್ತಿ ಮುಟ್ಟಿ ತೋರಿಸಿದರು. ಹೊಸ ವಾಷರ್ ಹಾಕಿ, ಕೊಕ್ಕೆಗೆ ಹಲಗೆ ಕಟ್ಟಿ ತಾವೇ ಕೂತು, "ಎತ್ತಲೇ" ಅಂದರು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಮೇಲೇ ಕೂತಿದ್ದರು. ಒಂದು ಬೆರಳಷ್ಟೂ ಇಳಿಯಲಿಲ್ಲ. ಮತ್ತೆ ಯಾರೂ ಬೊಂಬಿನ ಮಾತೆತ್ತಲಿಲ್ಲ.

ಆ ಗ್ಯಾರೇಜಿನ ಅನ್ನದಲ್ಲೇ ನಮ್ಮ ಮೂರು ಮಕ್ಕಳು ಬೆಳೆದವು. ಮೇಸ್ತ್ರಿಯವರು ತೀರಿಕೊಂಡ ದಿನ ಇವರು ಚಟ್ಟಕ್ಕೆ ಹೆಗಲು ಕೊಡಲು ಮುಂದೆ ಹೋದರು. "ಸೊಂಟ ರೀ" ಅಂದೆ.

"ಇಷ್ಟು ವರ್ಷ ಒಂದು ಭಾರಾನೂ ಎತ್ತಿಸಲಿಲ್ಲ ಅವರು. ಇದೊಂದು ಎತ್ತುತೀನಿ, ಬಿಡು" ಅಂದರು.