'ಶ್ರೀ' ಇಲ್ಲದ ಲಕೋಟೆ

ಮೊನ್ನೆ ಯಾವುದೋ ಕಚೇರಿಯಿಂದ ಒಂದು ಲಕೋಟೆ ಬಂತು. ಮನೆಯ ಸಂಖ್ಯೆ ಸರಿಯಿದೆ, ಗಲ್ಲಿ ಸರಿಯಿದೆ, ಖಾನಾಪುರವೂ ಇದ್ದಲ್ಲೇ ಇದೆ. ನನ್ನ ಹೆಸರಿನ ಮೊದಲಿಗೆ ಇರಬೇಕಾದ 'ಶ್ರೀ' ಮಾತ್ರ ಇಲ್ಲ. ಇಷ್ಟಕ್ಕೇ ಇವನಿಗೆ ಸಿಟ್ಟೇ ಎಂದು ನೀವು ನಗಬಹುದು. ನಗಿರಿ, ಆದರೆ ಇಂಥದೇ ಲಕೋಟೆಯೊಂದು ನನ್ನ ನೌಕರಿ ಉಳಿಸಿದ್ದನ್ನು ಕೇಳಿ ಆಮೇಲೆ ನಗಿರಿ.

ಎಪ್ಪತ್ತರ ದಶಕದ ಕೊನೆಗೆ ನಾನು ಒಂದು ಪುರಸಭೆಯಲ್ಲಿ ಹಾಜರಿ ಗುಮಾಸ್ತನಾಗಿದ್ದೆ. ಯಾವ ಪುರಸಭೆಯೆಂದು ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಕೀರ್ತಿ ಬಂದೀತು. ಅಧ್ಯಕ್ಷರ ಭಾವಮೈದುನ ಅಲ್ಲಿ ಮುಕಾದಮ, ಅಂದರೆ ಕೂಲಿಗಳ ಮೇಲ್ವಿಚಾರಕ. ಅವನು ಬಾರದ ದಿನಗಳಲ್ಲಿ ಕೆಂಪು ಶಾಯಿಯಿಂದ 'ಗೈರುಹಾಜರಿ' ಎಂದು ಬರೆಯುತ್ತಿದ್ದೆ. ಆ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ. ಅಧ್ಯಕ್ಷರು ಬಂದಾಗ ನಾನು ಎದ್ದು ನಿಲ್ಲಲಿಲ್ಲವೆಂದು ನೋಟಿಸು ಬಂತು. ಬೆನ್ನಿಗೇ ವಜಾ ಆದೇಶವೂ ಬಂತು. ಮನೆಯಲ್ಲಿ ಇಬ್ಬರು ಮಕ್ಕಳು. ನನಗೆ ಬೇರೆ ಕಸಬು ಗೊತ್ತಿರಲಿಲ್ಲ.

ಬೆಳಗಾವಿಯ ಪೀರಜಾದೆ ವಕೀಲರು ನೌಕರಿಯ ಮತ್ತು ಪುರಸಭೆಗಳ ಖಟ್ಲೆಗಳನ್ನು ನಡೆಸುವುದರಲ್ಲಿ ಹೆಸರಾದವರು. ಅದೇ ಊರಿನ ಶಹಾಪುರ ಭಾಗದಲ್ಲಿದ್ದ ಅವರ ಕಚೇರಿಯ ಎರಡೂ ಬದಿಗೆ ಮಗ್ಗಗಳು. ಅಲ್ಲಿ ನ್ಯಾಯವನ್ನೂ ಕೂಗಿಯೇ ಕೇಳಬೇಕಿತ್ತು.

"ಎದ್ದು ನಿಂತಿದ್ರೋ, ಇಲ್ಲೋ? ಅಷ್ಟ ಹೇಳ್ರಿ."

"ಹೇಳತೀನ್ರಿ ಸಾಹೇಬ್ರ. ಆದರ ನಾಕು ವರ್ಷದ ಹಿಂದ ನನಗ ಬಶಿ ಇಲ್ಲದ ಕಪ್ಪಿನಾಗ ಚಾ ಕೊಟ್ಟಿದ್ರು…"

ವಕೀಲರು ಗಡಿಯಾರ ನೋಡಿದರು. "ನಾಳಿ ಮುಂಜಾನಿ ನಮ್ಮ ಕಾಲೇಜಿಗೆ ಬರ್ರಿ."

ಕೋರ್ಟು ತೆರೆಯುವ ಮುನ್ನ ಅವರು ವಾಣಿಜ್ಯ ವಿದ್ಯಾರ್ಥಿಗಳಿಗೆ ಕಾಯ್ದೆ ಕಲಿಸುತ್ತಿದ್ದರು. ನನ್ನನ್ನು ಕರಿಹಲಗೆಯ ಮುಂದೆ ಕುರ್ಚಿಯಲ್ಲಿ ಕೂರಿಸಿ, "ಇವರು ನೌಕರರು, ನೀವು ಮಾಲಕರು. ಕೇಳ್ರಿ," ಎಂದರು. ಹಿಂದಿನ ಬೆಂಚಿನವನೊಬ್ಬ ಅದೇ ಪ್ರಶ್ನೆ ಕೇಳಿದ. ನಾನು ಕಪ್ಪಿನ ಕೆಳಗಿರಬೇಕಿದ್ದ ಆ ಬಶಿಯಿಂದ ಆರಂಭಿಸಿ, ಕಾಲು ಮುರಿದ ಕುರ್ಚಿಯನ್ನು ದಾಟಿ, ನನ್ನನ್ನು ಬಿಟ್ಟು ತೆಗೆಸಿದ ಸಾಮೂಹಿಕ ಛಾಯಾಚಿತ್ರಕ್ಕೆ ಬರುವಷ್ಟರಲ್ಲಿ ಅರ್ಧ ತಾಸು ಮುಗಿದಿತ್ತು.

"ಇವರನ್ನ ಕೆಲಸದಿಂದ ತಗೀಬೇಕನ್ನವರು ಕೈ ಎತ್ತರಿ," ಎಂದರು ವಕೀಲರು.

ತರಗತಿಗೆ ತರಗತಿಯೇ ಎತ್ತಿತು. ಇಬ್ಬರು ಎರಡೂ ಕೈ ಎತ್ತಿದ್ದರು. ಅವರ ಮುಖಗಳು ನನಗೆ ಇಂದಿಗೂ ನೆನಪಿವೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎತ್ತಿರಲಿಲ್ಲ.

"ಸರ್, ಇವರಿಗೆ ಉತ್ತರಾ ಕೊಡಾಕ ಎಷ್ಟ ದಿನಾ ಕೊಟ್ಟಿದ್ರು?"

"ಏಳು," ಎಂದೆ. "ವಜಾ ಕಾಗದ ನಾಕನೇ ದಿನಕ್ಕ ಬಂತು. ಒಳಗ ಮಾತ್ರ ಹತ್ತು ದಿನಾ ಮುಂದಿನ ತಾರೀಖು ಹಾಕ್ಯಾರ."

ವಕೀಲರು ಸುಣ್ಣದಕಡ್ಡಿ ಕೆಳಗಿಟ್ಟರು. "ಇದನ್ನ ನಿನ್ನೆ ಯಾಕ ಹೇಳಲಿಲ್ರಿ?"

"ಬಶೀದು ಮುಗಿದಿರಲಿಲ್ರಿ."

"ನಾಕನೇ ದಿನಾನ ಬಂತು ಅನ್ನಾಕ ಪುರಾವೆ?"

"ಲಕೋಟೆ ಐತ್ರಿ, ಅಂಚೆ ಮುದ್ರೆ ಸುದ್ದಾ."

"ಖಾಲಿ ಲಕೋಟೆ ಯಾಕ ಇಟ್ಟೀರಿ?"

"ಅದರ ಮ್ಯಾಲ ನನ್ನ ಹೆಸರಿಗೆ 'ಶ್ರೀ' ಹಾಕಿಲ್ರಿ."

ತರಗತಿ ಬಿದ್ದು ಬಿದ್ದು ನಕ್ಕಿತು. ವಕೀಲರು ನಗಲಿಲ್ಲ, ಕೈ ಮುಗಿದರು. "ನಿಮ್ಮ ಸಿಟ್ಟಿಗೆ ಸಾವಿರ ವರ್ಷ ಆಯುಷ್ಯ ಇರಲಿ. ಕೋರ್ಟಿನಾಗ ಮಾತ್ರ ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ."

ಕೋರ್ಟಿನಲ್ಲಿ ಎದುರು ವಕೀಲ, ಎದ್ದು ನಿಂತಿರಾ ಎಂದು ಕೇಳಿದ. "ಇಲ್ಲ," ಎಂದೆ. ಬಶಿ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಉಳಿದದ್ದನ್ನು ಲಕೋಟೆ ಹೇಳಿತು. ಉತ್ತರ ಕೇಳುವ ಮೊದಲೇ ಶಿಕ್ಷೆ ಬರೆದಿಟ್ಟಿದ್ದರೆಂದು ಸಾಬೀತಾಗಿ, ನನ್ನ ಕುರ್ಚಿ ನನಗೆ ಮರಳಿತು. ಕಾಲು ಮುರಿದದ್ದೇ, ಇರಲಿ.

ತೀರ್ಪಿನ ಪ್ರತಿ ಕೈಸೇರಿದ ವಾರ ವಕೀಲರಿಂದ ಒಂದು ಅಂಚೆ ಕಾರ್ಡು ಬಂತು: "ಗೆದ್ದೀವಿ. 'ಶ್ರೀ' ಬೇಕಂತಲೇ ಬಿಟ್ಟೀನಿ. ಜೋಪಾನ ಇಟ್ಟುಕೊಳ್ರಿ."

ಮೊನ್ನೆಯ ಲಕೋಟೆಯನ್ನು ಹಳೆಯ ಟ್ರಂಕಿಗೆ ಸೇರಿಸಲು ಹೋದಾಗ ಮೇಲುಗಡೆಯೇ ಆ ಕಾರ್ಡು ಕಂಡಿತು. ಒಬ್ಬನೇ ಗಟ್ಟಿಯಾಗಿ ನಕ್ಕೆ. ಇಂಥ ಕಚೇರಿಗಳಿಗೆ ನಾನು ನಾಲ್ಕು ಹಾಳೆಗೆ ಕಡಿಮೆ ಆಕ್ಷೇಪಣೆ ಬರೆದವನಲ್ಲ. ಈ ಸಲ ಒಂದೇ ಸಾಲು ಬರೆದೆ. ಲಕೋಟೆಯನ್ನು ಮಾತ್ರ ಎಸೆದಿಲ್ಲ. ಅಂಚೆ ಮುದ್ರೆ ಬಹಳ ಸ್ಪಷ್ಟವಾಗಿದೆ.