ಮಗ್ಗಲು ಬದಲಿಸುವ ಕೆಲಸ

ಯಾರಾದರೂ ಅಲ್ಲಾಡದೆ ಮಲಗಿದ್ದರೆ ನನಗೆ ಸಮಾಧಾನವಿರುವುದಿಲ್ಲ. ನಮ್ಮ ಮನೆಯವರು ಮಧ್ಯಾಹ್ನ ಉಂಡು ಅಡ್ಡಾದರೂ ಹೋಗಿ ಮೂಗಿನ ಹತ್ತಿರ ಬೆರಳು ಹಿಡಿದು ನೋಡಿ ಬರುತ್ತೇನೆ. ಮಡಗಾಂವ್‌ನ ನರ್ಸಿಂಗ್ ಹೋಮಿನಲ್ಲಿ ಅರ್ಧ ಆಯುಷ್ಯ ನರ್ಸಾಗಿ ಕಳೆದದ್ದರ ಫಲವಿದು.

ಕೆಲವು ವರ್ಷಗಳ ಹಿಂದೆ ನನ್ನ ಮೊಣಕಾಲುಗಳು ನೈಟ್ ಡ್ಯೂಟಿಯ ವಿರುದ್ಧ ಮುಷ್ಕರ ಹೂಡಿದವು. ಬೇರೆ ಕೆಲಸ ನೋಡಿಕೊಳ್ಳದೆ ಗತಿಯಿರಲಿಲ್ಲ. ನರ್ಸುಗಳಿಗೆ ದಾರಿಗಳೇನೂ ಕಡಿಮೆಯಿಲ್ಲ. ಗಲ್ಫಿಗೆ ಹೋಗಬಹುದು, ವಿಮಾನ ಬಿದ್ದರೆ? ಮೇಟ್ರನ್ ಆಗಬಹುದು, ನಾನು ಮೇಟ್ರನ್ನರನ್ನು ಬೈದುಕೊಂಡಂತೆ ಎಲ್ಲರೂ ನನ್ನನ್ನು ಬೈದುಕೊಂಡರೆ? ವಿಮಾ ಏಜೆಂಟ್ ಆಗಬಹುದು. ನನ್ನ ಮುಖದ ಚಿಂತೆ ನೋಡಿಯೇ ಗಿರಾಕಿ ಕುಸಿದು ಬಿದ್ದರೆ?

ಅಷ್ಟರಲ್ಲಿ ಕಡಲ ದಂಡೆಯ ಹೋಟೆಲೊಂದಕ್ಕೆ ಪ್ರಥಮ ಚಿಕಿತ್ಸೆಯ ನರ್ಸ್ ಬೇಕೆಂದು ತಿಳಿಯಿತು. ಹಗಲು ಕೆಲಸ, ಕೂರಲು ಕುರ್ಚಿ. ಒಂದು ವಾರ ನೋಡಿ ಕಾಯಂ ಮಾಡುತ್ತೇವೆ ಎಂದರು. ರಜೆ ಹಾಕಿ ಹೊರಟೆ.

"ಅಲ್ಲಿ ಏನೂ ಮಾಡಬ್ಯಾಡ, ಸುಮ್ನ ಕುಂದ್ರು. ಅಷ್ಟ ಸಾಕು," ಎಂದು ನಮ್ಮವರು ಕೈಮುಗಿದರು.

ಕೂತೆ. ಎದುರಿಗೆ ಮರಳಿನ ಮೇಲೆ ಪರದೇಶದವರು ಸಾಲಾಗಿ ಮಲಗಿದ್ದರು. ಥೇಟ್ ನಮ್ಮ ವಾರ್ಡು, ಹೊದಿಕೆಯೊಂದು ಕಡಿಮೆ. ಒಬ್ಬ ದಪ್ಪನೆಯ ಅಜ್ಜ ಬೆಳಗಿನಿಂದ ಬೋರಲು ಬಿದ್ದಿದ್ದ. ಮಲಗಿದವರನ್ನು ಆಗಾಗ ಮಗ್ಗಲು ಬದಲಿಸದಿದ್ದರೆ ಮೈ ಹುಣ್ಣಾಗುತ್ತದೆ ಎಂಬುದು ನಾವು ಕಲಿತ ಮೊದಲ ಪಾಠ. ಎರಡು ದಿನ ಹಲ್ಲು ಕಚ್ಚಿ ತಡೆದುಕೊಂಡೆ. ಮೂರನೆಯ ದಿನ ಎದ್ದುಹೋಗಿ, ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ ಕೊಟ್ಟು ಅಜ್ಜನನ್ನು ಹೊರಳಿಸಿಯೇಬಿಟ್ಟೆ. ಅವನು ಕೂಗಿದ ಕೂಗಿಗೆ ಉಳಿದವರೆಲ್ಲ ತಾವಾಗಿಯೇ ಹೊರಳಿದರು.

ಅಲ್ಲಿ ಕೋಣೆ ಗುಡಿಸುವ ವಿಜಾಪುರದ ಬಸವ್ವ ಕಸಬರಿಗೆ ಬಿಸಾಕಿ ಓಡಿಬಂದಳು. "ಅಯ್ಯ ಅಕ್ಕಾರ! ಅವ್ರು ಪೇಷಂಟ್ ಅಲ್ರಿ! ರೊಕ್ಕಾ ಕೊಟ್ಟು ಮಕ್ಕೊಂಡಾರ್ರಿ!"

"ಹುಣ್ಣಾದ್ರ ಯಾರು ನೋಡ್ತಾರ ಯವ್ವಾ?"

"ಅದಕ್ಕೂ ರೊಕ್ಕಾ ಕೊಡ್ತಾರ್ರಿ. ನೀವು ಕುರ್ಚಿ ಮ್ಯಾಲ ಕುಂದರ್ರಿ ಮೊದ್ಲ!"

ಕುರ್ಚಿಯ ಋಣ ತೀರಿತ್ತು. ನಾಳೆಯಿಂದ ಬರುವುದು ಬೇಡವೆಂದು ಮ್ಯಾನೇಜರ್ ಸಭ್ಯವಾಗಿಯೇ ಹೇಳಿದ.

ಹ್ಯಾಪು ಮೋರೆ ಹಾಕಿಕೊಂಡು ನಮ್ಮ ಮೇಟ್ರನ್ ಮುಂದೆ ನಿಂತೆ. ಧಾರವಾಡದ ಹೆಂಗಸು, ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಥಟ್ಟನೆ ನಗು ನಿಲ್ಲಿಸಿದರು. "ಅಷ್ಟ್ ದಪ್ಪ ಮನಿಷ್ಯಾನ್ನ ಒಬ್ಬಾಕಿನ ಹೊಳ್ಳಿಸಿದಿ? ನಮ್ಮ ಹೊಸ ಹುಡುಗ್ಯಾರು ನಾಕ್ ಮಂದಿ ಕೂಡಿದ್ರೂ ಆಗವಲ್ದು. ನಾಳಿಂದ ನೈಟ್ ಡ್ಯೂಟಿ ಬ್ಯಾಡ. ಹಗಲ್ ಬಂದು ಅವ್ರಿಗೆ ಕಲಿಸು."

ಹೀಗೆ ನಾನು ಶಿಕ್ಷಕಿಯಾದೆ. ಅದೇ ಕಟ್ಟಡ, ಅದೇ ಫಿನಾಯಿಲ್ ವಾಸನೆ. ಮಗ್ಗಲು ಮಾತ್ರ ಬೇರೆ. ಅಷ್ಟಕ್ಕೇ ಮೊಣಕಾಲಿನ ನೋವು ಎಷ್ಟೋ ಇಳಿದಿದೆ. ಪಾಠಕ್ಕೆ ರೋಗಿ ಬೇಕಲ್ಲ, ಮಂಚದ ಮೇಲೆ ನಾನೇ ಮಲಗುತ್ತೇನೆ. ಕಣ್ಣು ಮುಚ್ಚಿ ಆ ಅಜ್ಜನನ್ನು ನೆನೆಯುತ್ತೇನೆ: ಪಾಪ, ಅವನು ರೊಕ್ಕ ಕೊಟ್ಟು ಮಲಗಿದ್ದ, ನನಗೆ ಮಲಗಿದ್ದಕ್ಕೆ ಸಂಬಳ. ಇಷ್ಟು ಸುಖವಾಗಿ ಇನ್ನೇನು ನಿದ್ದೆ ಹತ್ತಬೇಕು, ಹುಡುಗಿಯರ ಕೈ ಹೆಗಲಿಗೆ ತಾಕುತ್ತದೆ.

ಕೆಳಗೆ ಕೆಡವಿದರೆ?