ಎದುರುಮನೆ ಅತ್ತೆಯ ಚುಕ್ಕೆಗಳು

ಮೊನ್ನೆ ಹತ್ತಿ ಸೀರೆಗೆ ಹಾಕಲೆಂದು ಗಂಜಿ ಕಾಯಿಸುತ್ತಿದ್ದೆ. ಉರಿ ಸಣ್ಣಗೆ ಮಾಡುವುದು ಮರೆತು ತಳ ಹಿಡಿಯಿತು. ಆ ಸೀದ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ಅತ್ತೆ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು. ಅವರ ಮನೆಯಲ್ಲಿ ಸದಾ ಅದೇ ವಾಸನೆ. ನೂಲಿಗೆ ಗಂಜಿ, ಸೀರೆಗೆ ಗಂಜಿ, ಬೆಳಗ್ಗೆ ಕುಡಿಯುವುದಕ್ಕೂ ಗಂಜಿ...

ರಕ್ತಸಂಬಂಧದ ಅತ್ತೆಯೇನಲ್ಲ. ತಮಿಳು ಸೀಮೆಯ ಎಡಪ್ಪಾಡಿಯ ನಮ್ಮ ನೇಕಾರರ ಬೀದಿಯಲ್ಲಿ ಎದುರುಬದುರು ಮನೆ, ಎರಡೂ ಮನೆಯಲ್ಲಿ ಕನ್ನಡದ ಮಾತು. ಅತ್ತೆ ಅನ್ನಲು ಅಷ್ಟು ಸಾಕಿತ್ತು. ಗುಂಡಿ ಮಗ್ಗದಲ್ಲಿ ಕೂತರೆ ಏಳುತ್ತಿರಲಿಲ್ಲ. ಬಾಯಿಯೂ ಮಗ್ಗದ ಹಾಗೇ, ಆಡುತ್ತಲೇ ಇರಬೇಕು. ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಅಷ್ಟಕ್ಕಷ್ಟೇ. ಮಗ ಫೋನ್ ಕೊಡಿಸಿದ ಮೇಲೆ ವಾಟ್ಸಾಪಿನಲ್ಲಿ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದರು. ಅದರಲ್ಲೇನು ಹೆಚ್ಚುಗಾರಿಕೆ, ನಾವೆಲ್ಲ ಬರೆಯುವುದೇ ಹಾಗೆ. ಕನ್ನಡ ಅಕ್ಷರ ನಮಗೆ ಕಲಿಸಿದವರು ಯಾರು? ಅತ್ತೆಯ ಚಾಳಿ ಬೇರೆಯದೇ. ಏನು ಬರೆದರೂ ಕೊನೆಗೆ ಸಾಲು ಚುಕ್ಕೆ. ‘ಕೊತ್ತಂಬ್ರಿ ಐತಾ...’ ‘ಕರೆಂಟ್ ಓಯ್ತು...’ ಓದಿದವರಿಗೆ ಕೊತ್ತಂಬರಿಯಲ್ಲೂ ಏನೋ ಗುಟ್ಟಿದೆ ಅನ್ನಿಸಬೇಕು.

ಒಮ್ಮೆ ರೇಗಿಸಿದೆ. “ಇಷ್ಟೊಂದು ಚುಕ್ಕೆ ಯಾಕತ್ತೆ? ರಂಗೋಲಿ ಬುಡ್ತೀರಾ?”

ಅವರು ಮಗ್ಗದಿಂದ ತಲೆ ಎತ್ತಲಿಲ್ಲ. “ಪಾವು ಮುಗುದ್ರೆ ತುದಿ ಕೂಯ್ದು ಎಸುದ್ಬುಡ್ತೀವಾ ಅಮ್ಮಣಿ? ಎಲ್ಲಾ ಆಡಿ ಮುಗುಸ್ಬುಟ್ರೆ ನಾಳಿಕ್ಕೆ ಯಾವ್ದುಕ್ಕೆ ಓಗಿ ಕಟ್ಟೋದು?”

ಪಾವು ಅಂದರೆ ಮಗ್ಗಕ್ಕೆ ಹೂಡುವ ಉದ್ದ ನೂಲು. ಒಂದು ಪಾವು ನೇಯ್ದು ಮುಗಿದರೂ ನಮ್ಮ ಬೀದಿಯವರು ಪೂರ್ತಿ ಬಿಚ್ಚುವುದಿಲ್ಲ. ಗೇಣುದ್ದದ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಬೂದಿ ಮುಟ್ಟಿದ ಬೆರಳಲ್ಲಿ ಹೊಸ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆಯುತ್ತಾರೆ. ಕೆಲಸ ಸುಲಭ ಎನ್ನುವುದು ಒಂದು. ಬರಿದಾದ ಮಗ್ಗ ಮನೆಗೆ ಒಳ್ಳೆಯದಲ್ಲ ಎನ್ನುವುದು ಇನ್ನೊಂದು. ಅತ್ತೆಗೆ ಎರಡನೆಯದೇ ದೊಡ್ಡದು. ಹೊರಟವರಿಗೆ ‘ಓಗು’ ಎಂದು ಎಂದೂ ಅಂದವರಲ್ಲ, ‘ಓಗ್ಬುಟ್ಟು ಬಾ’ ಎಂದೇ ಕಳಿಸುತ್ತಿದ್ದರು.

ಸಂಕಟ ಶುರುವಾದದ್ದು ಸೊಸೆ ಬಂದ ಮೇಲೆ. ನಲ್ಲಂಪಳ್ಳಿ ಕಡೆಯ ಹುಡುಗಿ. ತವರಿನವರು ಅಜ್ಜನ ಕಾಲಕ್ಕೇ ಮಗ್ಗ ಬಿಟ್ಟು ಹೊಲಕ್ಕೆ ಇಳಿದವರು. ಮಗ, ಸೊಸೆ ಧರ್ಮಪುರಿಯಲ್ಲಿ ಮನೆ ಮಾಡಿದರು, ಹೆಣ್ಣು ಮಗುವಾಯಿತು. ಅತ್ತೆ ದಿನವೂ ಸೊಸೆಗೆ ಬರೆಯುತ್ತಿದ್ದರು. ‘ಊಟ ಆಯ್ತಾ...’ ‘ಮಗೂನ ಕರ್ಕೊಂಡು ಬಾ...’ ಆ ಕಡೆಯಿಂದ ತಮಿಳಿನಲ್ಲಿ ಒಂದೇ ಪದ. ‘ಸರಿ.’ ಇಲ್ಲವೇ, ನೋಡೋಣ ಎಂದು, ‘ಪಾಕ್ಕಲಾಂ.’ ಕೊನೆಗೆ ಪೂರ್ಣವಿರಾಮ, ಶಾಲೆಯಲ್ಲಿ ಹೇಳಿಕೊಟ್ಟ ಹಾಗೆ.

ಅತ್ತೆ ಫೋನ್ ತಂದು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. “ನೋಡು ಅಮ್ಮಣಿ, ಕತ್ರಿ ಆಕ್ದಂಗೆ ಆಕವ್ಳೆ. ನಾ ಏನ್ ತಪ್ಪು ಮಾಡ್ದೆ?”

“ಓದ್ದೋರು ಎಲ್ರಿಗೂ ಅಂಗೇ ಇಡ್ತಾರೆ, ಬುಡಿ ಅತ್ತೆ” ಅನ್ನುತ್ತಿದ್ದೆ. ಅವರು ನಂಬಲಿಲ್ಲ. ಹಬ್ಬಕ್ಕೆ ಬಂದಾಗಲೂ ಇಬ್ಬರೂ ಹೊಸಬರ ಹಾಗೆ ಕೂರುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳುವ ಮೊದಲು ಅತ್ತೆ ಸೊಸೆಯ ಮುಖ ನೋಡುತ್ತಿದ್ದರು. ಬೀದಿಗೆಲ್ಲ ಜೋರು ಮಾಡುವ ಹೆಂಗಸು ಹಾಗೆ ನೋಡುವುದು ಕಂಡರೆ ನನಗೆ ಸೊಸೆಯ ಮೇಲೆ ಕೋಪ ಬರುತ್ತಿತ್ತು, ಯಾಕೆ ಸುಳ್ಳು ಹೇಳಲಿ. ಮಗು ನಡೆಯಲು ಕಲಿಯುವ ಹೊತ್ತಿಗೆ ಅವಳು ಬರುವುದೇ ನಿಂತಿತು. ಮಗ ಒಬ್ಬನೇ ಬಂದು ಮುಖ ತೋರಿಸಿ ಹೋಗುತ್ತಿದ್ದ.

ಒಂದು ಬೆಳಗ್ಗೆ ಅತ್ತೆ ಏಳಲಿಲ್ಲ. ಕಾಯಿಲೆ ಎಂದು ಮಲಗಿದವರೂ ಅಲ್ಲ...

ಕಾರ್ಯದ ದಿನ ನೆಂಟರೆಲ್ಲ ಉಂಡು ಎದ್ದ ಮೇಲೆ ಸೊಸೆ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು.

“ಅಕ್ಕಾ, ಅತ್ತೆಗೆ ನನ್ಮೇಲೆ ಏನ್ ಕೋಪ ಇತ್ತು? ಏನ್ ಬರುದ್ರೂ ಅರ್ಧ ನುಂಗ್ಬುಟ್ಟು ಚುಕ್ಕೆ ಇಡೋರು. ಮಗೂನ ಕರ್ಕೊಂಡು ಬಾ ಅನ್ನೋರು, ಆಮ್ಯಾಕೆ ಚುಕ್ಕೆ. ಬಂದ್ರೆ ಏನ್ ಕೇಳ್ತಾರೋ ಅಂತ ನಂಗೆ ಭಯ ಆಗೋದು.”

ನನ್ನ ಫೋನ್ ತೆಗೆದು, ಅತ್ತೆ ನನಗೆ ಬರೆದಿದ್ದನ್ನು ಅವಳ ಕೈಗೆ ಕೊಟ್ಟೆ. ಅವಳು ಬೆರಳಲ್ಲಿ ಸರಿಸುತ್ತಾ ಹೋದಳು. ಕೊತ್ತಂಬ್ರಿ ಐತಾ... ಕರೆಂಟ್ ಓಯ್ತು... ನಮ್ ಬೆಕ್ಕು ಅಲ್ಲಿಗ್ ಬಂತಾ...

ಬೆರಳು ನಿಂತಿತು. “ಬೆಕ್ಕಿಗೂ ಇಟ್ಟವ್ರಾ?” ಅಂದಳು. ನಗುತ್ತಿದ್ದಾಳೆ ಅಂದುಕೊಂಡೆ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ ಮೇಲೆ ಭುಜ ಅಲುಗುವುದು ಕಾಣಿಸಿತು.

ಮಗ್ಗದಲ್ಲಿ ಗೇಣುದ್ದದ ನೂಲು ಹಾಗೇ ಇತ್ತು. ಅದನ್ನು ಯಾಕೆ ಬಿಡುತ್ತಾರೆ, ಅತ್ತೆ ನನಗೇನು ಹೇಳಿದ್ದರು ಎಂದು ಆಮೇಲೆ ತಿಳಿಸಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸೊಸೆ ಚುಕ್ಕೆಗಳಿಗೆ ಹೆದರಿದ್ದಾಳೆ ಎಂದು ಅಲ್ಲಿಯವರೆಗೆ ಯಾರಿಗೆ ಗೊತ್ತಿತ್ತು? ತಪ್ಪು ಯಾರದೆಂದು ಹುಡುಕಿದರೆ ಯಾರದೂ ಅಲ್ಲ. ಅದೇ ನನಗೆ ಇವತ್ತಿಗೂ ಸಂಕಟ. ಯಾರನ್ನಾದರೂ ಬಯ್ದು ಹಗುರಾಗೋಣ ಅಂದರೆ ಅದಕ್ಕೂ ದಾರಿಯಿಲ್ಲ.

ಈಗ ಆ ಮನೆ ಬಾಡಿಗೆಗೆ ಹೋಗಿದೆ. ಮಗ್ಗ ಬಿಚ್ಚಿ ಗುಂಡಿಗೆ ಮಣ್ಣು ತುಂಬಿ ಸಿಮೆಂಟ್ ಹಾಕಿದ್ದಾರೆ, ಅದರ ಮೇಲೆ ಯಾರದೋ ಬೈಕು ನಿಲ್ಲುತ್ತದೆ. ಮೊನ್ನೆ ಸೀದ ಪಾತ್ರೆ ನೆನೆಯಲು ಇಟ್ಟು, ಕೈ ಒರೆಸಿಕೊಂಡು, ಸುಮ್ಮನೆ ಆ ಬಾಗಿಲು ನೋಡುತ್ತಾ ಕೂತೆ. ಹೋದ ತಿಂಗಳು ಸೊಸೆ ಬಂದಿದ್ದಳು. ನಮ್ಮ ಜಗಲಿಯಲ್ಲಿ ಕೂತು, ಮಗಳಿಗೆ ಎದುರುಮನೆಯತ್ತ ಕೈ ತೋರಿಸಿ, ಅದೇ ಅಜ್ಜಿ ಮನೆ ಎಂದಳು. ಮಗು ನನ್ನ ಕೈಯಿಂದ ಬಿಸ್ಕತ್ತು ಇಸಿದುಕೊಂಡು ಬೀದಿ ದಾಟಿ ಓಡಿ, ಆ ಬಾಗಿಲು ತಟ್ಟಿ, ತಿರುಗಿ ನಮ್ಮನ್ನು ನೋಡಿತು. ಕರ್ಕೊಂಡು ಬಾ ಎಂದು ದಿನವೂ ಕರೆದವರು ಮಾತ್ರ ಇರಲಿಲ್ಲ.